ಬೆಕ್ಕಿನ ಚಿಗಟಕ್ಕೆ ಫ್ರಂಟ್‌ಲೈನ್ ಪ್ಲಸ್ ಹಾಕಿ ಮೂರು ತಿಂಗಳಾಯ್ತು, ಆಗಿದ್ದೆಲ್ಲಾ ಬರ್ದಿದೀನಿ

ಮೊದಲೇ ಹೇಳ್ಬಿಡ್ತೀನಿ, ಔಷಧಿ ಕೆಲಸ ಮಾಡತ್ತೆ. ಆದ್ರೆ ಬೆಕ್ಕಿನ ಕುತ್ತಿಗೆಗೆ ಹಾಕಿ ಅಷ್ಟಕ್ಕೇ ಬಿಟ್ರೆ ಕೆಲಸ ಮಾಡಿದ್ದು ಗೊತ್ತೇ ಆಗಲ್ಲ, ಹದಿನೈದು ದಿನಕ್ಕೆ ದುಡ್ಡು ದಂಡ ಆಯ್ತು ಅನ್ಸತ್ತೆ, ನಮ್ಮನೇಲೂ ಹಾಗೇ ಅನ್ಸಿ ಇನ್ನೇನು ಬಿಟ್ಟೇಬಿಡೋಣ ಅನ್ನೋ ಹೊತ್ತಿಗೆ ಯಾಕೆ ಹೀಗೆ ಅಂತ ಗೊತ್ತಾಯ್ತು. ಮಲೆನಾಡಲ್ಲಿ ಮಳೆಗಾಲದಲ್ಲಿ ಬೆಕ್ಕು ಸಾಕಿದೋರಿಗೆ ಈ ಕಾಟ ಇದ್ದಿದ್ದೇ, ಅದಕ್ಕೆ ಉದ್ದ ಆದ್ರೂ ಪರ್ವಾಗಿಲ್ಲ ಅಂತ ಎಲ್ಲಾ ಬರೀತಿದೀನಿ.

ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಹಳೆ ಮನೆ, ಜಗಲಿ, ಕಾವಿ ನೆಲ, ಮೇಲೆ ಹಲಗೆ ಅಟ್ಟ, ಪಕ್ಕಕ್ಕೇ ಕೊಟ್ಟಿಗೆ. ಬೆಳ್ಳಿ ಅಂತ ಬಿಳಿ ಬೆಕ್ಕು ನಾಲ್ಕು ವರ್ಷದಿಂದ ಇದೆ, ಕಾಳು ಅಂತ ನಾಯಿ ಇದೆ. ಜುಲೈಲಿ ಪುನರ್ವಸು ಮಳೆ ಜೋರು ಹಿಡ್ದಾಗ ಬಸ್‌ಸ್ಟಾಪಲ್ಲಿ ಯಾರೋ ಬಿಟ್ಟು ಹೋಗಿದ್ದ ಒಂದು ಮರಿನ ನನ್ನ ಮಗಳು ಛತ್ರಿ ಒಳಗೆ ಇಟ್ಕೊಂಡು ಬಂದ್ಲು, ನೆನೆದು ಮುದ್ದೆ ಆಗಿತ್ತು, ಆರು ವಾರದ್ದು ಇರ್ಬೋದು. ಒರೆಸಿ ಒಲೆ ಹತ್ರ ಬೆಚ್ಚಗೆ ಮಲಗಿಸಿದ್ವಿ. ಚಿಗಟ ಆ ಮರಿ ಜೊತೆಗೆ ಬಂತೋ ಮೊದಲೇ ಅಟ್ಟದಲ್ಲಿ ಇತ್ತೋ ಈಗ ಹೇಳೋದು ಕಷ್ಟ, ಆದ್ರೆ ಹತ್ತು ಹದಿನೈದು ದಿನದಲ್ಲಿ ಮನೆ ತುಂಬಾ ಆಯ್ತು. ಬೆಳ್ಳಿ ಕೂತಲ್ಲಿ ಕೂರಲ್ಲ, ಬೆನ್ನಿನ ಹಿಂಭಾಗ ಬಾಲದ ಬುಡ ಕಚ್ಚಿ ಕಚ್ಚಿ ಕೂದಲು ಉದುರ್ಸಿಕೊಂಡ್ಲು. ನಮಗೆಲ್ಲ ಮೊಣಕಾಲಿಂದ ಕೆಳಗೆ ಕೆಂಪು ಕೆಂಪು ಗುಳ್ಳೆ, ಅದೂ ಪಾದದ ಗಂಟಿನ ಸುತ್ತ ಸಾಲಾಗಿ.

ನಮ್ಮತ್ತೆಗೆ ಭಯ ಶುರುವಾಯ್ತು. "ಇದು ಉಣುಗು ಅಲ್ವನೇ, ಮಂಗನ ಕಾಯಿಲೆ ಗಿಯಿಲೆ ಬಂದ್ರೆ ಏನ್ಮಾಡೋದು, ಆ ಬೆಕ್ಕುನ ಒಳಗೆ ಬಿಡ್ಬೇಡ" ಅಂತ. ಅವರ ಭಯ ಸುಳ್ಳಲ್ಲ, 1957ರಲ್ಲಿ ನಮ್ಮ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ ಆ ಕಾಯಿಲೆ ಮೊದಲು ಸಿಕ್ಕಿದ್ದು, ಈ ಕಡೆ ಅದರ ನೋವು ಕಂಡಿರೋ ಊರು ತುಂಬಾ ಇವೆ. ಆದ್ರೆ ಅದು ಹರಡೋದು ಉಣುಗಿಂದ, ಚಿಗಟದಿಂದ ಅಲ್ಲ. "ಅತ್ತೆ, ಉಣುಗಾದ್ರೆ ಚರ್ಮಕ್ಕೆ ಕಚ್ಕೊಂಡು ಅಲ್ಲೇ ಊದ್ಕೊಂಡು ಕೂರತ್ತೆ, ಹಾರಲ್ಲ, ಇದು ನೋಡಿ ಬೆರಳಿಟ್ರೆ ಹಾರತ್ತೆ" ಅಂತ ಬೆಳ್ಳಿ ಹೊಟ್ಟೆ ಕೂದಲು ಬಿಡ್ಸಿ ತೋರ್ಸಿದ ಮೇಲೆ ಸಮಾಧಾನ ಆಯ್ತು. ಚಿಗಟ ಕಂದು ಬಣ್ಣ, ಎರಡೂ ಬದಿಯಿಂದ ಒತ್ತಿ ಚಪ್ಪಟೆ ಮಾಡಿದ ಹಾಗೆ ಇರತ್ತೆ, ಕೂದಲ ಸಂದಿಲಿ ಸರ ಸರ ಓಡತ್ತೆ. ಇನ್ನೊಂದು ಮಾತು, ಮಂಗನ ಕಾಯಿಲೆ ಟೈಮಲ್ಲಿ ಕಾಡಿಗೆ ಹೋಗೋರಿಗೆ ಕೊಡೋ ಡೇಪಾ ಎಣ್ಣೆ ಬಾಟಲಿ ಮನೇಲಿ ಉಳಿದಿರತ್ತಲ್ಲ, ಅದನ್ನ ಬೆಕ್ಕಿಗೆ ಹಚ್ಚೋಕೆ ಹೋಗ್ಬೇಡಿ, ಅದು ಮನುಷ್ಯರ ಕೈಕಾಲಿಗೆ ಇರೋದು, ಬೆಕ್ಕು ಮೈ ಎಲ್ಲಾ ನೆಕ್ಕತ್ತೆ.

ಚಿಗಟ ಕಣ್ಣಿಗೆ ಕಾಣದೆ ಇದ್ರೂ ಇದೆಯಾ ಇಲ್ವಾ ನೋಡೋಕೆ ಸುಲಭದ ದಾರಿ ಇದೆ. ಹೇನಿನ ಹಣಿಗೆ ತಗೊಂಡು ಬಾಲದ ಬುಡದಲ್ಲಿ ಬಾಚಿ, ಬಂದ ಕಪ್ಪು ಪುಡಿನ ಒದ್ದೆ ಮಾಡಿದ ಬಿಳಿ ಬಟ್ಟೆ ಮೇಲೆ ಉದುರ್ಸಿ. ಮಣ್ಣಾದ್ರೆ ಮಣ್ಣಿನ ಬಣ್ಣವೇ ಇರತ್ತೆ, ಚಿಗಟದ ಹಿಕ್ಕೆ ಆದ್ರೆ ಸುತ್ತ ಕೆಂಪಗೆ ಬಿಟ್ಕೊಳತ್ತೆ, ಯಾಕಂದ್ರೆ ಅದು ಬೆಕ್ಕಿನ ರಕ್ತವೇ, ಒಣಗಿರೋದು. ಮೊದಲ ಸಲ ಆ ಬಟ್ಟೆ ನೋಡಿ ನನಗೆ ಕಣ್ಣಲ್ಲಿ ನೀರು ಬಂತು, ಇಷ್ಟೊಂದು ರಕ್ತ ಕುಡೀತಾ ಇವೆ ನಾವು ಸುಮ್ನೆ ನೋಡ್ತಾ ಕೂತಿದೀವಿ ಅಂತ.

ಆಮೇಲೆ ಎಲ್ಲರೂ ಮಾಡೋದನ್ನೇ ನಾವೂ ಮಾಡಿದ್ವಿ. ಲಕ್ಕಿ ಸೊಪ್ಪಿನ ಹೊಗೆ ಹಾಕಿದ್ವಿ, ಸೊಳ್ಳೆ ಹೋದ್ವು, ಚಿಗಟ ಹೋಗ್ಲಿಲ್ಲ. ಅಂಟುವಾಳದ ನೊರೆಲಿ ಸ್ನಾನ ಮಾಡ್ಸಿದ್ವಿ, ಆಗ ಮೈಮೇಲಿದ್ದಿದ್ದು ಒಂದಷ್ಟು ನೀರಿಗೆ ಬಿತ್ತು, ಮಾರನೇ ದಿನಕ್ಕೆ ಮತ್ತೆ ಅಷ್ಟೇ, ಜೊತೆಗೆ ಆ ಥಂಡಿಲಿ ಬೆಳ್ಳಿ ಒಂದು ದಿನ ಪೂರ್ತಿ ಒಲೆ ಬಿಟ್ಟು ಏಳ್ಲಿಲ್ಲ, ಇನ್ನು ಯಾವತ್ತೂ ಮಳೆಗಾಲದಲ್ಲಿ ಹಾಗೆ ಮಾಡಲ್ಲ. ಕೆಳಗಿನ ಮನೆ ಅಕ್ಕ ಬೇವಿನೆಣ್ಣೆಗೆ ಕರ್ಪೂರ ಹಾಕಿ ಹಚ್ಚು ಅಂದ್ರು, ಅದನ್ನ ಮಾಡ್ಲಿಲ್ಲ, ಕರ್ಪೂರ ಬೆಕ್ಕಿಗೆ ವಿಷ ಅಂತ ನನಗೆ ಮೊದಲೇ ಗೊತ್ತಿತ್ತು. ಫಿನೈಲ್ ಹಾಕಿ ನೆಲ ಒರೆಸೋದನ್ನೂ ನಿಲ್ಲಿಸಿದ್ವಿ, ಬೆಕ್ಕು ಆ ನೆಲದಲ್ಲಿ ನಡೆದು ಆಮೇಲೆ ಪಾದ ನೆಕ್ಕತ್ತೆ, ಹೊಟ್ಟೆಗೇ ಹೋಗತ್ತೆ.

ಮುಖ್ಯವಾದ ವಿಷಯ ಈಗ ಬರೋದು, ದಯವಿಟ್ಟು ಇದೊಂದನ್ನಾದ್ರೂ ಓದಿ. ಪೇಟೆಲಿ ಒಂದು ಅಂಗಡಿಗೆ ನಮ್ಮನೆಯವರು ಹೋಗಿ ಬೆಕ್ಕಿಗೆ ಚಿಗಟದ ಔಷಧಿ ಕೊಡಿ ಅಂದ್ರೆ ನಾಯಿದು ಕೊಟ್ಟು "ಎರಡೂ ಒಂದೇ ಸಾರ್, ಬೆಕ್ಕು ಸಣ್ಣದಲ್ವಾ ಅರ್ಧ ಹಾಕಿ ಸಾಕು" ಅಂದಿದಾರೆ. ಯಾವ ಅಂಗಡಿ ಅಂತ ಬರೆಯಲ್ಲ. ಮನೆಗೆ ತಂದು ಕನ್ನಡಕ ಹಾಕ್ಕೊಂಡು ಡಬ್ಬಿ ಹಿಂದುಗಡೆ ಸಣ್ಣಕ್ಷರ ಓದಿದ್ರೆ ಒಳಗೆ ಪರ್ಮೆಥ್ರಿನ್, ಪಕ್ಕದಲ್ಲಿ ಬೆಕ್ಕಿನ ಚಿತ್ರಕ್ಕೆ ಅಡ್ಡ ಗೆರೆ. ಪರ್ಮೆಥ್ರಿನ್ ನಾಯಿಗೆ ಆಗತ್ತೆ, ಬೆಕ್ಕಿಗೆ ಪ್ರಾಣಕ್ಕೇ ಬರತ್ತೆ. ಬೆಕ್ಕಿನ ಲಿವರ್‌ಗೆ ಅದನ್ನ ಬೇಗ ಒಡೆದು ಹೊರಗೆ ಹಾಕೋ ಶಕ್ತಿ ಇಲ್ಲ, ಮೈಯೆಲ್ಲಾ ನಡುಕ ಬಂದು ಫಿಟ್ಸ್ ಬಂದು ಸಾಯ್ಬೋದು, ಅರ್ಧ ಹಾಕಿದ್ರೂ ಸಾಯ್ಬೋದು. ಅಷ್ಟೇ ಅಲ್ಲ, ಅದನ್ನ ನಾಯಿಗೆ ಹಾಕಿ ಆ ನಾಯಿ ಪಕ್ಕ ಬೆಕ್ಕು ಮಲಗಿದ್ರೂ ಅಪಾಯ. ನಮ್ಮನೇಲಿ ಬೆಳ್ಳಿ ದಿನಾ ಮಲಗೋದೇ ಕಾಳು ಹೊಟ್ಟೆಗೆ ಒರಗಿ. ಅವತ್ತು ಕರೆಂಟ್ ಇಲ್ದೆ ಓದೋಕಾಗದೆ ಹಾಗೇ ಹಾಕಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನತ್ತೆ. ಯಾರಾದ್ರೂ ಗೊತ್ತಿಲ್ದೆ ಹಾಕ್ಬಿಟ್ಟಿದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ ಬಟ್ಟೆ ಸುತ್ಕೊಂಡು ತಕ್ಷಣ ಡಾಕ್ಟ್ರ ಹತ್ರ ಓಡಿ, ನಡುಕ ಬರ್ಲಿ ನೋಡೋಣ ಅಂತ ಕಾಯ್ಬೇಡಿ.

ಮಾರನೇ ದಿನ ಬೆಳ್ಳಿನ ಬುಟ್ಟಿಗೆ ಹಾಕಿ, ಮರಿನೂ ಜೊತೆಗೆ ಕರ್ಕೊಂಡು ಶಿವಮೊಗ್ಗಕ್ಕೇ ಹೋದ್ವಿ. ಅಲ್ಲಿ ಡಾಕ್ಟ್ರು ಹಣಿಗೆಲಿ ಬಾಚಿ ನೋಡಿ ಬೆಕ್ಕಿನ ಫ್ರಂಟ್‌ಲೈನ್ ಪ್ಲಸ್ ಬರ್ದು ಕೊಟ್ರು. 0.5 ಎಂಎಲ್‌ದು ಸಣ್ಣ ಟ್ಯೂಬು, ಬೆರಳಷ್ಟೂ ಇಲ್ಲ. ಒಳಗೆ ಎರಡು ಔಷಧಿ, ಫಿಪ್ರೋನಿಲ್ ಮತ್ತೆ ಮೆಥೋಪ್ರೀನ್. ಫಿಪ್ರೋನಿಲ್ ಚರ್ಮದ ಎಣ್ಣೆ ಅಂಶದ ಜೊತೆ ಸೇರ್ಕೊಂಡು ಮೈ ಪೂರ್ತಿ ಹರಡತ್ತೆ, ಅದು ತಾಗಿದ ದೊಡ್ಡ ಚಿಗಟ ಒಂದು ದಿನದೊಳಗೆ ಸಾಯತ್ತೆ. ಮೆಥೋಪ್ರೀನ್ ದೊಡ್ಡದನ್ನ ಸಾಯಿಸಲ್ಲ, ಮೊಟ್ಟೆ ಮರಿ ಬೆಳೀದಂಗೆ ತಡೆಯತ್ತೆ. ಈ ಎರಡನೇದು ಇರೋದಕ್ಕೇ ನಾನು ಇದಕ್ಕೆ ಹೆಚ್ಚು ಮಾರ್ಕ್ ಕೊಡೋದು, ಯಾಕೆ ಅಂತ ಮುಂದೆ ಗೊತ್ತಾಗತ್ತೆ. ಒಂದು ಟ್ಯೂಬಿಗೆ ಐನೂರರ ನೋಟು ಕೊಟ್ಟು ಸ್ವಲ್ಪ ಚಿಲ್ಲರೆ ವಾಪಸ್ ತಗೊಂಡ್ವಿ.

ಹಾಕೋದು ಕಷ್ಟ ಇಲ್ಲ. ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗೋ ಜಾಗ, ಅಲ್ಲಿಗೆ ನಾಲಿಗೆ ಎಟುಕಲ್ಲ. ಕೂದಲು ಎರಡೂ ಕಡೆ ಸರಿಸಿ ಬಿಳಿ ಚರ್ಮ ಕಾಣೋ ಹಾಗೆ ಮಾಡ್ಕೊಂಡು ಚರ್ಮದ ಮೇಲೇ ಬಿಡ್ಬೇಕು, ಕೂದಲ ಮೇಲೆ ಬಿಟ್ರೆ ವೇಸ್ಟು. ಹಾಕೋ 2 ದಿನ ಮುಂಚೆ, ಹಾಕಿದ 2 ದಿನ ಆದ್ಮೇಲೂ ಸ್ನಾನ ಬೇಡ, ಮಳೇಲಿ ನೆನೆಯೋಕೂ ಬಿಡ್ಬಾರ್ದು, ಪುಷ್ಯ ಮಳೇಲಿ ಆಗುಂಬೆ ಕಡೆ ಬೆಕ್ಕು ನೆನೆಯದೆ ಇರ್ಬೇಕು ಅಂದ್ರೆ ರೂಮಲ್ಲಿ ಕೂಡಿ ಹಾಕದೆ ಬೇರೆ ದಾರಿ ಇಲ್ಲ, ಎರಡು ದಿನ ಅವಳು ಬಾಗಿಲು ಕೆರೆದು ಗಲಾಟೆ ಮಾಡಿದ್ಲು, ಇರ್ಲಿ. ಒಣಗೋ ತನಕ ಮಕ್ಕಳು ಅಲ್ಲಿ ಮುಟ್ಬಾರ್ದು. ಕಾಳುಗೆ ಅದರದ್ದೇ ತೂಕದ್ದು ನಾಯಿ ಟ್ಯೂಬು, ಅದರಲ್ಲೂ ಪರ್ಮೆಥ್ರಿನ್ ಇಲ್ಲದ್ದು, ಅದೇ ದಿನ ಹಾಕಿದ್ವಿ, ಮನೇಲಿರೋ ಪ್ರಾಣಿಗೆಲ್ಲ ಒಟ್ಟಿಗೆ ಹಾಕದೆ ಇದ್ರೆ ಒಂದರಿಂದ ಇನ್ನೊಂದಕ್ಕೆ ಬರ್ತಾನೇ ಇರತ್ತೆ. ಮೊಲ ಸಾಕಿದೋರು ಇದನ್ನ ಮೊಲಕ್ಕೆ ಮಾತ್ರ ಹಾಕ್ಬಾರ್ದು, ಫಿಪ್ರೋನಿಲ್ ಮೊಲಕ್ಕೆ ವಿಷ.

ಮಾರನೇ ದಿನ ಸಂಜೆಗೆ ಬೆಳ್ಳಿ ಮಲಗಿದ ಬಟ್ಟೆ ಮೇಲೆ ಸತ್ತ ಚಿಗಟ ಎಣಿಸಿದ್ವಿ, ಮೂವತ್ತರ ಮೇಲೆ ಇತ್ತು. ಎಷ್ಟೋ ದಿನ ಆದ್ಮೇಲೆ ಅವಳು ಕಾಲು ಚಾಚಿ ನಿದ್ದೆ ಮಾಡಿದ್ದು. ಒಂದು ವಾರ ನಮಗೂ ಹಬ್ಬ.

ಎರಡನೇ ವಾರ ಸಾಗರದಲ್ಲಿ ನೆಂಟರ ಮನೆ ಕಾರ್ಯ ಇತ್ತು, ಬೆಳ್ಳಿನೂ ಮರಿನೂ ಕೆಳಗಿನ ಮನೆ ಅಕ್ಕನ ಹತ್ರ ಬಿಟ್ಟು ಕಾಳುನ ಕೊಟ್ಟಿಗೆಲಿ ಕಟ್ಟಿ ಆರು ದಿನ ಮನೆ ಬೀಗ ಹಾಕಿದ್ವಿ, ದನ ಕಾಳು ಎಲ್ಲಾ ಅವರೇ ನೋಡ್ಕೊಂಡ್ರು. ವಾಪಸ್ ಬಂದು ಬಾಗಿಲು ತೆಗೆದು ಜಗಲಿಗೆ ಕಾಲಿಟ್ಟಿದ್ದಷ್ಟೇ ಮಾರಾಯ್ರೆ, ಮಗಳ ಬಿಳಿ ಸಾಕ್ಸ್ ಮೇಲೆ ಚುಕ್ಕಿ ಇಟ್ಟ ಹಾಗೆ ಚಿಗಟ. ಖಾಲಿ ಮನೇಲಿ, ಬೆಕ್ಕೂ ಇಲ್ಲ ನಾಯಿನೂ ಇಲ್ಲ, ಎಲ್ಲಿಂದ ಬಂದ್ವು. ನಮ್ಮನೆಯವರು ಸಿಟ್ಟಿಂದ "ಔಷಧಿ ಡೂಪ್ಲಿಕೇಟ್ ಇರ್ಬೇಕು" ಅಂದ್ರು. ಡಾಕ್ಟ್ರಿಗೆ ಫೋನ್ ಮಾಡಿದೆ, ಅವರು "ಅಮ್ಮಾ, ಔಷಧಿ ಸರಿ ಇದೆ, ನೀವು ಮನೆಗೆ ಏನೂ ಮಾಡ್ಲಿಲ್ಲ" ಅಂದ್ರು. ಆಮೇಲೆ ಅವರು ಬಿಡ್ಸಿ ಹೇಳಿದ್ದು ಇದು.

ನಾವು ಬೆಕ್ಕಿನ ಮೈಮೇಲೆ ನೋಡೋ ಚಿಗಟ ಮನೇಲಿರೋ ಒಟ್ಟು ಲೆಕ್ಕದಲ್ಲಿ ಹೆಚ್ಚೂಕಡಿಮೆ 100ಕ್ಕೆ 5 ಅಷ್ಟೆ. ಉಳಿದಿದ್ದು ಅರ್ಧ ಮೊಟ್ಟೆ, ಮೂರರಲ್ಲೊಂದು ಪಾಲು ಹುಳ, ಒಂದು ಹತ್ತು ಗೂಡಲ್ಲಿ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ತನಕ ಇಡತ್ತೆ, ಹೇನಿನ ಸೀರಿನ ಹಾಗೆ ಕೂದಲಿಗೆ ಅಂಟಲ್ಲ, ಉಪ್ಪಿನ ಕಾಳಿನ ಹಾಗೆ ಬೆಕ್ಕು ಹೋದಲ್ಲೆಲ್ಲ ಉದುರತ್ತೆ. ಅದರಿಂದ ದಾರದ ತುಂಡಿನ ಹಾಗೆ ಬಿಳಿ ಹುಳ ಬರತ್ತೆ, ಅದಕ್ಕೆ ಬೆಳಕು ಆಗಲ್ಲ, ಹಲಗೆ ಸಂದಿ ನೆಲದ ಬಿರುಕು ಗೋಣಿಚೀಲದ ಅಡಿ ಹುಡುಕ್ಕೊಂಡು ಹೋಗತ್ತೆ, ಮೇಲಿಂದ ಉದುರೋ ಆ ಕಪ್ಪು ಹಿಕ್ಕೆನೇ ಅದರ ಊಟ. ಗಾಳಿ ಒಣಗಿದ್ರೆ ಹುಳ ಸಾಯತ್ತೆ, ಆದ್ರೆ ನಮ್ಮ ಕಡೆ ಜುಲೈ ಆಗಸ್ಟಲ್ಲಿ ಪೆಟ್ಟಿಗೆಲಿಟ್ಟ ಸೀರೆಗೇ ಬೂಸ್ಟು ಬರತ್ತೆ, ಒಣ ಗಾಳಿ ಎಲ್ಲಿಂದ ಬರ್ಬೇಕು. ಆಮೇಲೆ ಹುಳ ರೇಷ್ಮೆ ಥರ ಗೂಡು ಕಟ್ಟತ್ತೆ, ಗೂಡಿಗೆ ಧೂಳು ಅಂಟ್ಕೊಂಡು ಧೂಳೇ ಆಗ್ಬಿಡತ್ತೆ, ಅದರೊಳಗೆ ಯಾವ ಸ್ಪ್ರೇನೂ ಹೋಗಲ್ಲ. ಒಳಗಿರೋ ಚಿಗಟ ತಿಂಗಳುಗಟ್ಟಲೆ ಕಾಯತ್ತೆ. ಯಾರೋ ನಡೆದ ಅದುರು, ಮೈ ಬಿಸಿ, ಉಸಿರು ತಾಗಿದ್ರೆ ಒಂದೇ ಸಲ ಒಡ್ಕೊಂಡು ಹೊರಗೆ. ನಾವು ಆರು ದಿನ ಬೀಗ ಹಾಕಿದ್ವಲ್ಲ, ಅಷ್ಟೂ ದಿನ ಒಳಗೆ ಕಾಯ್ತಾ ಇದ್ದಿದ್ದು, ಬಾಗಿಲು ತೆಗೆದ ಕೂಡ್ಲೇ ಬಂತು. ಅಂದ್ರೆ ಎರಡನೇ ವಾರ ಕಂಡ ಚಿಗಟ ಔಷಧಿ ತಪ್ಪಿಸ್ಕೊಂಡ ಹಳೇದಲ್ಲ, ಹೊಸದಾಗಿ ಹುಟ್ಟಿದ್ದು, ಬೆಳ್ಳಿ ಮೈಮೇಲೆ ಹಾರಿದ್ರೆ ಅದೂ ಸಾಯತ್ತೆ, ಮೊಟ್ಟೆನೂ ಬೆಳೆಯಲ್ಲ. ಹಾಗಾಗಿ ಬೆಕ್ಕುನ ಮನೆಯಿಂದ ದೂರ ಇಡೋದು ಕೂಡ ತಪ್ಪು, ಔಷಧಿ ಹಾಕಿದ ಬೆಕ್ಕು ಮನೇಲಿ ಓಡಾಡ್ಬೇಕು. ಕಡಿಮೆ ಅಂದ್ರೆ ಮೂರು ತಿಂಗಳು ತಪ್ಪದೆ ಹಾಕಿ ಅಂದ್ರು.

ಅಲ್ಲಿಂದ ನಿಜವಾದ ಕೆಲಸ ಶುರುವಾಗಿದ್ದು. ಬೆಳ್ಳಿ ಎಲ್ಲೆಲ್ಲಿ ಮಲಗ್ತಾಳೆ ಅಂತ ಎರಡು ದಿನ ಹಿಂದೆ ಹಿಂದೆ ತಿರುಗಿ ಪಟ್ಟಿ ಮಾಡಿದ್ವಿ: ಬಚ್ಚಲ ಒಲೆ ಪಕ್ಕದ ಕಟ್ಟಿಗೆ ರಾಶಿ, ಅಟ್ಟದ ಮೇಲೆ ಅಡಿಕೆ ಗೋಣಿಚೀಲ, ಜಗಲಿ ಬೆಂಚಿನ ಕಂಬಳಿ, ಕೊಟ್ಟಿಗೆಲಿ ಕರು ಮಲಗೋ ಹುಲ್ಲು. ಹೆಚ್ಚಿನ ಮೊಟ್ಟೆ ಇರೋದು ಅಲ್ಲೇ, ಇಡೀ ಮನೆಗೆ ಹೆದರ್ಕೋಬೇಕಾಗಿಲ್ಲ. ಹಳೆ ಗೋಣಿಚೀಲ ಒಲೆಗೆ ಹಾಕಿ ಸುಟ್ವಿ. ಹಾಸಿಗೆ ಬಟ್ಟೆ, ಬೆಡ್‌ಶೀಟು, ಬೆಳ್ಳಿದು ಹಳೆ ಸೀರೆ ಎಲ್ಲಾ ಹಂಡೆಯ ಕೊತ ಕೊತ ನೀರಲ್ಲಿ ನೆನೆ ಹಾಕಿ ಒಗೆದ್ವಿ, 60 ಡಿಗ್ರಿ ದಾಟಿದ ಬಿಸಿಗೆ ಮೊಟ್ಟೆ ಹುಳ ಗೂಡು ಯಾವುದೂ ಉಳಿಯಲ್ಲ, ಈ ವಿಷಯದಲ್ಲಿ ವಾಷಿಂಗ್ ಮಷೀನಿನ ತಣ್ಣೀರಿಗಿಂತ ನಮ್ಮ ಹಂಡೆನೇ ಮೇಲು. ಬಿಸಿಲು ಇಲ್ವಲ್ಲ, ಒಲೆ ಮೇಲಿನ ಗಳುವಿಗೆ ಹಾಕಿ ಒಣಗಿಸಿದ್ವಿ. ವಾರಕ್ಕೊಂದು ಸಲ ಹೀಗೆ ಎಂಟು ವಾರ.

ನೆಲಕ್ಕೆ ತಂಗಿ ಮನೆಯಿಂದ ವ್ಯಾಕ್ಯೂಮ್ ಕ್ಲೀನರ್ ತರ್ಸಿದ್ವಿ. ಪೊರಕೆಗಿಂತ ಇದು ಎಷ್ಟೋ ವಾಸಿ, ಹಲಗೆ ಸಂದಿಯಿಂದ ಎಳೆಯತ್ತೆ, ಅದರ ಅದುರಿಗೆ ಗೂಡು ಒಡೆದು ಚಿಗಟ ಬೇಗ ಹೊರಗೆ ಬರತ್ತೆ, ಬಂದ್ರೆ ಔಷಧಿಗೆ ಸಿಗತ್ತೆ. ಕಸದ ಚೀಲ ಮನೇಲಿ ಇಟ್ಕೋಬೇಡಿ, ಆಗಿಂದಾಗ್ಲೇ ಕಟ್ಟಿ ಹೊರಗೆ ಹಾಕಿ, ನಾವು ಸುಡ್ತಿದ್ವಿ. ಕರೆಂಟ್ ಇಲ್ಲದ ದಿನ ಒದ್ದೆ ಬಟ್ಟೆಲಿ ಸಂದಿ ಸಂದಿ ಒರೆಸಿ ಬಟ್ಟೆನ ಬಿಸಿನೀರಿಗೆ. ರಾತ್ರಿ ಒಂದು ಅಗಲ ತಟ್ಟೆಲಿ ನೀರು, ನಾಲ್ಕು ಹನಿ ಪಾತ್ರೆ ಲಿಕ್ವಿಡ್, ಮೇಲೆ ಸಣ್ಣ ಬಲ್ಬು, ಬೆಳಕಿಗೆ ಹಾರಿ ಬೀಳ್ತವೆ, ಸೋಪು ನೀರಾದ್ರಿಂದ ಮುಳುಗ್ತವೆ. ಇದರಿಂದ ಚಿಗಟ ಮುಗಿಯಲ್ಲ, ಆದ್ರೆ ಎಷ್ಟು ಉಳಿದಿದೆ ಅಂತ ಲೆಕ್ಕ ಸಿಗತ್ತೆ. ಮೊದಲ ರಾತ್ರಿ ತಟ್ಟೆಲಿ 41, ಮಗಳು ಕ್ಯಾಲೆಂಡರಲ್ಲಿ ದಿನಾ ಬರೀತಿದ್ಲು.

ಪೆಸ್ಟ್ ಕಂಟ್ರೋಲ್‌ನೋರನ್ನೂ ಕೇಳಿದ್ವಿ, ಒಂದು ಕಡೆಯವರು "ಒಂದೇ ಸಲ ಹೊಡೆದ್ರೆ ಪೂರ್ತಿ ಕ್ಲಿಯರ್" ಅಂದ್ರು, ಗೂಡಿನ ವಿಷಯ ಕೇಳಿದ್ರೆ ಉತ್ತರ ಇಲ್ಲ, ಹೊಡೆಯೋ ಔಷಧಿ ಹೆಸರೂ ಹೇಳ್ಲಿಲ್ಲ. ಬೆಕ್ಕಿರೋ ಮನೆಗೆ ಹೆಸರು ಹೇಳದ ಔಷಧಿ ಬೇಡ ಅಂತ ಬಿಟ್ವಿ.

ಮರಿ ವಿಷಯ ಬೇರೆಯಾಗೇ ಹೇಳ್ಬೇಕು. ಅದಕ್ಕೆ ಚುಕ್ಕಿ ಅಂತ ಹೆಸರಿಟ್ವಿ. 8 ವಾರ ತುಂಬದ, 1 ಕೆಜಿ ಆಗದ ಮರಿಗೆ ಈ ಟ್ಯೂಬು ಹಾಕೋ ಹಾಗಿಲ್ಲ. ಆದ್ರೆ ಚಿಗಟದಿಂದ ಹೆಚ್ಚು ಅಪಾಯ ಇರೋದು ಮರಿಗೇ, ಅಷ್ಟು ಸಣ್ಣ ಮೈಲಿ ರಕ್ತ ಎಷ್ಟಿರತ್ತೆ. ಡಾಕ್ಟ್ರು ತುಟಿ ಎತ್ತಿ ವಸಡು ತೋರ್ಸಿದ್ರು, ಗುಲಾಬಿ ಇರ್ಬೇಕಾದ್ದು ಬೆಳ್ಳಗೆ ಕಾಗದದ ಹಾಗಿತ್ತು. ರಕ್ತಕ್ಕೆ ಹನಿ ಔಷಧಿ ಕೊಟ್ರು, ಚಿಗಟಕ್ಕೆ ಹಣಿಗೆ ಒಂದೇ ದಾರಿ ಅಂದ್ರು. ದಿನಕ್ಕೆ ಎರಡು ಸಲ ಅತ್ತೆನೇ ಮಡಿಲಲ್ಲಿ ಕೂರ್ಸಿಕೊಂಡು ಬಾಚೋರು, ಪಕ್ಕದಲ್ಲಿ ಸೋಪು ನೀರಿನ ಬಟ್ಟಲು, ಸಿಕ್ಕಿದ್ದನ್ನ ಅದರಲ್ಲಿ ಅದ್ದೋದು. ಉಗುರಲ್ಲಿ ಕುಕ್ಕೋಕೆ ಹೋದ್ರೆ ಹಾರಿ ಹೋಗತ್ತೆ. ಮೊದಲು ಬೆಕ್ಕುನ ಒಳಗೆ ಬಿಡ್ಬೇಡ ಅಂದಿದ್ದ ಅತ್ತೆ ಮೂರು ವಾರ ಒಂದು ಹೊತ್ತೂ ತಪ್ಪಿಸ್ಲಿಲ್ಲ. ಆಗಸ್ಟ್ ಕೊನೇಲಿ ಮಘೆ ಮಳೆ ಹೊತ್ತಿಗೆ ಚುಕ್ಕಿ 1 ಕೆಜಿ 100 ಗ್ರಾಂ ತೂಗಿತು, ವಸಡು ಕೆಂಪಾಗಿತ್ತು, ಬೆಳ್ಳಿಗೆ ಎರಡನೇದು ಹಾಕೋ ದಿನವೇ ಇವಳಿಗೆ ಮೊದಲನೇದು ಹಾಕಿದ್ವಿ.

ಇನ್ನೊಂದು, ಬೆಳ್ಳಿ ಬಾಲದ ಹತ್ರ ಅಕ್ಕಿ ಕಾಳಿನ ಹಾಗೆ ಅಂಟಿಕೊಂಡಿದ್ದು ಕಂಡಿತ್ತು. ಅದು ಲಾಡಿಹುಳದ ತುಂಡು, ಬೆಕ್ಕು ಮೈ ನೆಕ್ಕುವಾಗ ಚಿಗಟ ನುಂಗಿದ್ರೆ ಹೊಟ್ಟೆಗೆ ಆ ಹುಳ ಬರತ್ತೆ. ಫ್ರಂಟ್‌ಲೈನ್ ಅದಕ್ಕಲ್ಲ, ಬೇರೆ ಮಾತ್ರೆ ಬೇಕು, ಪ್ರಾಜಿಕ್ವಾಂಟೆಲ್ ಇರೋದು, ತೂಕ ನೋಡಿ ಡಾಕ್ಟ್ರು ಕೊಡ್ತಾರೆ.

ಮಾರ್ಕ್ಸ್ ಕೇಳಿದ್ರೆ ಔಷಧಿಗೆ 5ಕ್ಕೆ 4.5. ಅರ್ಧ ಕಳೆದಿದ್ದು ಯಾಕಂದ್ರೆ ನಮ್ಮ ಕಡೆ ಮಳೆಗಾಲದಲ್ಲಿ ಬೆಕ್ಕುನ ಎರಡೆರಡು ದಿನ ಒಣಗಿಸಿ ಇಡೋದು ನಿಜಕ್ಕೂ ಕಷ್ಟ, ಮತ್ತೆ ಎರಡು ಬೆಕ್ಕು ಒಂದು ನಾಯಿ ಇದ್ರೆ ತಿಂಗಳಿಗೆ ಬೀಳೋ ಖರ್ಚು ಕಡಿಮೆ ಅಲ್ಲ. ಒಂದೇ ತಿಂಗಳು ಹಾಕಿ ನೋಡೋಣ ಅನ್ನೋರು ತಗೋಬೇಡಿ, ಆ ದುಡ್ಡು ಹೋಗತ್ತೆ, ಮೂರು ಟ್ಯೂಬಿಗೆ ಆಗೋಷ್ಟು ಇಟ್ಕೊಂಡು ಶುರು ಮಾಡಿ. ಮೂರನೇದು ಉತ್ತರೆ ಮಳೇಲಿ ಸೆಪ್ಟೆಂಬರ್ 22ಕ್ಕೆ ಹಾಕಿದ್ವಿ. ಕ್ಯಾಲೆಂಡರಲ್ಲಿ ಮಗಳು ಬರ್ದಿದ್ದು ನೋಡಿದ್ರೆ 41 ಇದ್ದಿದ್ದು ಆಗಸ್ಟ್ ಮಧ್ಯಕ್ಕೆ 26, ಸೆಪ್ಟೆಂಬರ್ ಶುರುಗೆ 7, ಆಮೇಲೆ 2, 0, 1, ಈಗ ಹತ್ತೊಂಬತ್ತು ದಿನದಿಂದ ಸೊನ್ನೆ. ನಿನ್ನೆ ಬಿಳಿ ಸಾಕ್ಸ್ ಹಾಕ್ಕೊಂಡು ಅಟ್ಟ ಹತ್ತಿ ಅಡಿಕೆ ಚೀಲದ ಮಧ್ಯೆ ಕಾಲು ಗಂಟೆ ಓಡಾಡಿ ಬಂದೆ, ಧೂಳು ಬಿಟ್ರೆ ಏನೂ ಹತ್ತಿರ್ಲಿಲ್ಲ. ಬೆಳ್ಳಿ ಬಾಲದ ಬುಡದಲ್ಲಿ ಕೂದಲು ಮತ್ತೆ ಬರ್ತಿದೆ.